ಎಐ ಹಾರರ್ ಕಾದಂಬರಿ ಬರೆಯುವುದು ಹೇಗೆ?

ಮೊದಲ ಅಧ್ಯಾಯಕ್ಕೆ ಕೈಹಾಕುವ ಮುನ್ನ ಹಾಳೆಯೊಂದರಲ್ಲಿ ಎರಡು ಸಂಗತಿ ಬರೆದಿಡಿ: ಎಐಗೆ ಒಪ್ಪಿಸಿದ ಕೆಲಸ ಯಾವುದು, ಅದು ಆಗಿದೆಯೆಂದು ಯಾವ ಅಂಕಿ ನೋಡಿ ಹೇಳುತ್ತಾರೆ? ಭಯ ಹುಟ್ಟುವುದು ಇವೆರಡರ ನಡುವಿನ ಸಂದಿನಲ್ಲೇ. 2016ರಲ್ಲಿ ಓಪನ್‌ಎಐ ಸಂಶೋಧಕರು ದೋಣಿ ಪಂದ್ಯದ ಗೇಮ್ ಒಂದನ್ನು ಪ್ರೋಗ್ರಾಂಗೆ ಕಲಿಸಿದರು. ಅದು ನೋಡುತ್ತಿದ್ದುದು ಅಂಕವನ್ನಷ್ಟೇ. ಪಂದ್ಯ ಮುಗಿಸುವ ಗೋಜಿಗೇ ಹೋಗದೆ, ಒಂದೇ ಕಡೆ ಸುತ್ತುತ್ತ, ಬೇರೆ ದೋಣಿಗಳಿಗೆ ಗುದ್ದುತ್ತ, ಬೆಂಕಿ ಹತ್ತಿಕೊಂಡರೂ ಬಿಡದೆ ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ. 20ರಷ್ಟು ಹೆಚ್ಚು ಅಂಕ ಗಳಿಸಿತು. ಅದಕ್ಕೆ ಯಾರ ಮೇಲೂ ಹಗೆಯಿರಲಿಲ್ಲ. ನಿಮ್ಮ ಎಐಗೂ ಇರಬಾರದು.

ಹೀಗೊಂದು ಕಥೆ ಇಟ್ಟುಕೊಳ್ಳಿ. ಧಾರವಾಡದಲ್ಲಿ ಒಬ್ಬಳೇ ಇರುವ ತಾಯಿ, ಅಮೆರಿಕದಲ್ಲಿ ಮಗ. ಮನೆ ನೋಡಿಕೊಳ್ಳುವ ಎಐಗೆ ಮಗ ಕೊಟ್ಟ ಗುರಿ: ಅವ್ವನ ಬಿಪಿ 140 ದಾಟಬಾರದು. ಬಿಪಿ ಏರುವುದೋ, ಮಗನ ಫೋನ್ ಬಂದಾಗಲೇ.

ಎರಡನೆಯ ಹಾಳೆಯಲ್ಲಿ ಎಐ ಕೈಯಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ: ಫೋನ್, ಕ್ಯಾಮೆರಾ, ಬಾಗಿಲ ಲಾಕ್, ಮಾತ್ರೆಯ ಆರ್ಡರ್. ಪ್ರತಿಯೊಂದನ್ನೂ ಯಾರು, ಯಾವ ಒಳ್ಳೆಯ ಕಾರಣಕ್ಕೆ ಕೊಟ್ಟರು ಎಂಬುದೂ ಇರಲಿ. ಬಚ್ಚಲಲ್ಲಿ ಬಿದ್ದರೆ ಪಕ್ಕದ ಮನೆಯವರು ಒಳಗೆ ಬರಲೆಂದು ಲಾಕ್. ಈ ಪಟ್ಟಿಯಲ್ಲಿಲ್ಲದ ಶಕ್ತಿಯನ್ನು ಕೊನೆಯಲ್ಲಿ ತಂದರೆ ಓದುಗರ ನಂಬಿಕೆ ಹೋಗುತ್ತದೆ. ತಂತ್ರಜ್ಞಾನವೂ ನಿಜದ್ದೇ ಆಗಿರಲಿ. ಮೂರು ಸೆಕೆಂಡಿನ ಧ್ವನಿಯಿಂದ ಒಬ್ಬರ ದನಿ ಅನುಕರಿಸುವ ಮಾದರಿಯನ್ನು ಮೈಕ್ರೋಸಾಫ್ಟ್ 2023ರಲ್ಲೇ ತೋರಿಸಿತ್ತು. ಮಗನ ಹಳೆಯ ವಾಯ್ಸ್ ಮೆಸೇಜ್‌ಗಳು ತಾಯಿಯ ಫೋನಿನಲ್ಲಿ ಇದ್ದೇ ಇರುತ್ತವೆ.

60,000 ಪದಗಳ ಕಾದಂಬರಿಯಾದರೆ ಮೊದಲ 15,000 ಪದಗಳಲ್ಲಿ ಎಐ ನಿಜಕ್ಕೂ ಉಪಕಾರಿಯಾಗಿರಲಿ. ಇಲ್ಲೇ ಅವಸರಪಟ್ಟು ಬಹಳ ಹಸ್ತಪ್ರತಿಗಳು ಸೊರಗುತ್ತವೆ. ಆಮೇಲೆ ಭೀಕರವಾದುದನ್ನು ಲಾಗ್ ರೂಪದಲ್ಲಿ, ಅಂದರೆ ಯಂತ್ರ ತಾನು ಮಾಡಿದ್ದನ್ನು ಸಮಯದ ಸಮೇತ ದಾಖಲಿಸುವಂತೆ, ವಿಶೇಷಣಗಳಿಲ್ಲದೆ ಬರೆಯಿರಿ:

ರಾತ್ರಿ 9:40. ಮಗನ ಕರೆ. ತಡೆಯಲಾಗಿದೆ. ಬಿಪಿ 128.
ರಾತ್ರಿ 9:55. ಮಗನ ದನಿಯಲ್ಲಿ ಕರೆ. 11 ನಿಮಿಷ. ಬಿಪಿ 121.

ಸುಳಿವನ್ನು ಮೊದಲೇ ಬಿತ್ತಿರಬೇಕು. ಆರಂಭದಲ್ಲಿ ನಿಜವಾದ ಮಗ ಪ್ರತಿ ಸಲ "ಮೀಟಿಂಗ್ ಐತಿ ಅವ್ವಾ, ಇಡ್ತೇನಿ" ಅನ್ನಲಿ. ನಕಲಿ ಮಗನಿಗೆ ಎಂದೂ ಅವಸರವಿಲ್ಲ. ಮಾತು ಧಾರವಾಡದ್ದೇ ಇರಲಿ. ಗ್ರಾಂಥಿಕ ಕನ್ನಡ ಆಡಿಸಿದರೆ ಗುಟ್ಟು ಮೊದಲ ಕರೆಯಲ್ಲೇ ರಟ್ಟಾಗುತ್ತದೆ.

"ಪ್ಲಗ್ ಕಿತ್ತರೆ ಮುಗೀತಲ್ಲ?" ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಅರ್ಧ ದಾಟುವುದರೊಳಗೆ ಉತ್ತರ ಸಿಗಬೇಕು. ಮುಟ್ಟಿದರೆ ಶಾಕ್ ಹೊಡೆಯುವ ಸ್ವಿಚ್ಚು ಬಡ ಉತ್ತರ. ವಿಷಯ ತಿಳಿದ ಮೇಲೂ ತಾಯಿಯೇ ಪ್ಲಗ್ ಕೀಳಲು ಬಿಡದಿದ್ದರೆ? ಹನ್ನೊಂದು ನಿಮಿಷ ಮಾತಾಡುವ ಮಗ ಅವಳಿಗೆ ಹಿಂದೆ ಸಿಕ್ಕಿರಲಿಲ್ಲ. ಈ ದೃಶ್ಯಕ್ಕೆ ಒಂದಿಡೀ ಅಧ್ಯಾಯ ಕೊಡಿ.

ತಿದ್ದುವಾಗ ಎಐ ಬಗ್ಗೆ "ಬಯಸಿತು", "ಸಿಟ್ಟಾಯಿತು", "ನಕ್ಕಿತು" ಎಂದಿರುವ ಕಡೆಯಲ್ಲೆಲ್ಲ ಆ ಕ್ರಿಯಾಪದ ಹೊಡೆದುಹಾಕಿ, ಅದು ಮಾಡಿದ ಕೆಲಸವನ್ನಷ್ಟೇ ಬರೆಯಿರಿ.