ಮಿದುಳಿನ ಗಡ್ಡೆಗೆ ರಕ್ತ ಹೇಗೆ ಹರೀತಿದೆ ಅಂತ ಸ್ಪೆಕ್ಟ್ ಸ್ಕ್ಯಾನಲ್ಲಿ ನೋಡೋದು ಹೇಗೆ

ಬ್ರೈನ್ ಪರ್ಫ್ಯೂಷನ್ ಸ್ಪೆಕ್ಟ್, ಅಂದ್ರೆ ವಿಕಿರಣ ಸೂಸೋ ಔಷಧಿ ಕೊಟ್ಟು ಮಿದುಳಲ್ಲಿ ರಕ್ತ ಎಲ್ಲೆಲ್ಲಿ ಹರೀತು ಅಂತ ಚಿತ್ರ ತೆಗೆಯೋದನ್ನ, ಕಲಿಯೋಕೆ ಬರೋರೆಲ್ಲ ಮೊದಲ ದಿನಾನೇ ಕ್ಯಾಮೆರಾ ಮುಂದೆ ಹೋಗಿ ನಿಂತ್ಕೋತಾರೆ, ಯಾವ ಕೊಲಿಮೇಟರ್ (ಕ್ಯಾಮೆರಾ ಮುಂದಿನ ಸೀಸದ ಜಾಲರಿ), ಎಷ್ಟು ಸೆಕೆಂಡು, ಯಾವ ಫಿಲ್ಟರ್ ಅಂತ ಕೇಳ್ತಾರೆ. ಅದೆಲ್ಲ ಬೇಕು, ಕೆಳಗೆ ಹೇಳ್ತೀನಿ. ಆದ್ರೆ ಈ ಸ್ಕ್ಯಾನಲ್ಲಿ ಫೋಟೋ ಬೀಳೋದು ಇಂಜೆಕ್ಷನ್ ಹೋದ ಒಂದೆರಡು ನಿಮಿಷದಲ್ಲೇ. ಕ್ಯಾಮೆರಾ ಒಂದೂವರೆ ಗಂಟೆ ಆದ್ಮೇಲೆ ಅದನ್ನ ಓದತ್ತೆ ಅಷ್ಟೇ. ಇದು ತಲೇಲಿ ಕೂತ್ರೆ ಉಳಿದ ನಿಯಮಗಳು ಯಾಕಿದಾವೆ ಅಂತ ತಾನಾಗೇ ಅರ್ಥ ಆಗತ್ತೆ.

ಯಾಕೆ ಹೀಗೆ ಅಂದ್ರೆ, ಟೆಕ್ನೀಷಿಯಂ-99ಎಂ ಸೇರಿಸಿದ ಎಚ್‌ಎಂಪಿಎಒ ಅನ್ನೋ ಔಷಧಿ ಕೊಬ್ಬಲ್ಲಿ ಕರಗೋ ಜಾತಿದು, ರಕ್ತಕ್ಕೂ ಮಿದುಳಿಗೂ ನಡುವೆ ಇರೋ ತಡೆಗೋಡೆನ ಸುಲಭವಾಗಿ ದಾಟತ್ತೆ, ಜೀವಕೋಶದೊಳಗೆ ಗ್ಲೂಟಾಥಯೋನ್ ಅನ್ನೋ ರಾಸಾಯನಿಕ ಸಿಕ್ಕಿದ ಕೂಡ್ಲೇ ನೀರಲ್ಲಿ ಕರಗೋ ರೂಪಕ್ಕೆ ತಿರುಗಿಬಿಡತ್ತೆ, ಆಮೇಲೆ ಬಂದ ದಾರೀಲಿ ವಾಪಸ್ ಹೋಗೋಕಾಗಲ್ಲ. ಕೊಟ್ಟ ಡೋಸಲ್ಲಿ ಮಿದುಳಿಗೆ ಸೇರೋದು ಹೆಚ್ಚುಕಮ್ಮಿ ನೂರಕ್ಕೆ ನಾಲ್ಕರಿಂದ ಏಳು ಪಾಲು ಮಾತ್ರ, ಅಷ್ಟು ಸಾಕು. ಗದ್ದೆಗೆ ನೀರು ಬಿಟ್ಟು ಆಮೇಲೆ ತೂಬು ಮುಚ್ಚಿದ್ರೂ ಮಣ್ಣು ಎಲ್ಲೆಲ್ಲಿ ನೆಂದಿದೆ ಅಂತ ನೋಡಿ ನೀರು ಎಲ್ಲಿ ಹರೀತು ಅಂತ ಹೇಳಬಹುದಲ್ಲ, ಹಾಗೆ. ಇಸಿಡಿ ಅನ್ನೋ ಇನ್ನೊಂದು ಔಷಧಿಯೂ ಇದೇ ಥರ ಸಿಕ್ಕಿಹಾಕ್ಕೊಳ್ಳತ್ತೆ, ಅಲ್ಲಿ ಹಿಡಿದಿಡೋದು ಗ್ಲೂಟಾಥಯೋನ್ ಅಲ್ಲ, ಒಂದು ಕಿಣ್ವ.

ಮೊದಲನೇ ಕೆಲಸ ರಿಕ್ವೆಸ್ಟ್ ಫಾರಂ ಓದೋದು. ಡಾಕ್ಟರ್ ಕೇಳ್ತಿರೋದು ರಕ್ತದ ಹರಿವಿನ ಪ್ರಶ್ನೆನಾ ಅಥವಾ ಬೇರೆದಾ ಅಂತ ನೋಡ್ಕೊಳ್ಳಿ, ಯಾಕಂದ್ರೆ "ಬ್ರೈನ್ ಸ್ಪೆಕ್ಟ್, ಗ್ಲಿಯೋಮಾ" ಅಂತ ಮೂರೇ ಪದ ಬರೆದು ಕಳಿಸೋರು ತುಂಬ ಜನ ಇದಾರೆ (ಗ್ಲಿಯೋಮಾ ಅಂದ್ರೆ ಮಿದುಳಿನ ಒಂದು ಜಾತಿ ಗಡ್ಡೆ). ರೇಡಿಯೋಥೆರಪಿ ಆದ ರೋಗಿಗೆ ಎಂಆರ್‌ಐಲಿ ಹೊಸದಾಗಿ ಏನೋ ಹೊಳೀತಿದೆ, ಗಡ್ಡೆ ವಾಪಸ್ ಬಂದಿದೆಯಾ ಇಲ್ಲ ರೇಡಿಯೇಷನ್‌ನಿಂದ ಅಲ್ಲಿ ಸತ್ತ ಅಂಗಾಂಶನಾ ಅಂತ ಕೇಳಿದ್ರೆ ಎಚ್‌ಎಂಪಿಎಒ ಒಂದೇ ಉತ್ತರ ಕೊಡಲ್ಲ. ಅದಕ್ಕೆ ನಮ್ಮ ದೇಶದಲ್ಲಿ ಜಾಸ್ತಿ ಬಳಸಿರೋದು ಟೆಕ್ನೀಷಿಯಂ ಸೇರಿಸಿದ ಗ್ಲೂಕೋಹೆಪ್ಟೋನೇಟ್, ಅಂದ್ರೆ ಜಿಎಚ್‌ಎ. ಅದು ಆರೋಗ್ಯವಾದ ಮಿದುಳಿಗೆ ಹೋಗಲ್ಲ, ತಡೆಗೋಡೆ ಒಡೆದ ಕಡೆ ಮಾತ್ರ ನುಗ್ಗತ್ತೆ, ಬೆಳೀತಿರೋ ಗಡ್ಡೇಲಿ ನಿಲ್ಲತ್ತೆ. ಸೆಸ್ಟಾಮಿಬಿ, ಥ್ಯಾಲಿಯಂ-201 ಕೂಡ ಈ ಸಾಲಿನವೇ, ಆದ್ರೆ ಸೆಸ್ಟಾಮಿಬಿ ಮಿದುಳೊಳಗೆ ನೀರು ಮಾಡೋ ಕೋರಾಯ್ಡ್ ಪ್ಲೆಕ್ಸಸ್‌ಗೂ ಹೋಗೋದ್ರಿಂದ ಗಡ್ಡೆ ವೆಂಟ್ರಿಕಲ್ (ಆ ನೀರು ತುಂಬಿರೋ ಪೊಳ್ಳು) ಪಕ್ಕ ಇದ್ರೆ ಓದೋದು ಕಷ್ಟ. ಸೋರಿಕೆಯ ಈ ಉಪಾಯ ಹಳೇದು, 1948ರಲ್ಲೇ ಅಮೆರಿಕದ ಮಿನೆಸೋಟಾದಲ್ಲಿ ಜಾರ್ಜ್ ಮೂರ್ ಅನ್ನೋ ಸರ್ಜನ್ ಅಯೋಡಿನ್-131 ಸೇರಿಸಿದ ಬಣ್ಣ ಕೊಟ್ಟು, ತಲೆ ಹೊರಗಿಂದ ಕೌಂಟರ್ ಹಿಡಿದು ಗಡ್ಡೆ ಎಲ್ಲಿದೆ ಅಂತ ಹುಡುಕಿದ್ರು. ಹರಿವು ಬೇರೆ, ಸೋರಿಕೆ ಬೇರೆ, ಎಫ್‌ಡಿಜಿ ಪೆಟ್ (ಸಕ್ಕರೆ ಥರದ ಔಷಧಿ ಕೊಟ್ಟು ಮಾಡೋ ಇನ್ನೊಂದು ಸ್ಕ್ಯಾನ್) ತೋರಿಸೋ ಸಕ್ಕರೆ ಹಸಿವು ಬೇರೆ. ಮೂರನ್ನೂ ಒಂದೇ ಅಂದ್ಕೊಂಡು ರಿಪೋರ್ಟ್ ಬರೆದ್ರೆ ರೋಗಿಗೆ ಅನ್ಯಾಯ ಆಗತ್ತೆ.

ಹರಿವನ್ನ ನಿಖರವಾಗಿ ಅಳೀಬೇಕು, ನೂರು ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಅಂತ ಅಂಕಿ ಬೇಕು ಅಂದ್ರೆ ಅದಕ್ಕೆ ಆಕ್ಸಿಜನ್-15 ನೀರು ಕೊಟ್ಟು ಮಾಡೋ ಪೆಟ್ ಸ್ಕ್ಯಾನೇ ಸರಿ. ದೊಡ್ಡವರ ಮಿದುಳಿಗೆ ಸರಾಸರಿ 50ರ ಆಸುಪಾಸು ಬರತ್ತೆ, ಬೂದು ಭಾಗಕ್ಕೆ ಜಾಸ್ತಿ, ಬಿಳಿ ಭಾಗಕ್ಕೆ ಕಡಿಮೆ. ಆದ್ರೆ ಆಕ್ಸಿಜನ್-15ರ ಅರ್ಧಾಯುಷ್ಯ ಬರೀ 2 ನಿಮಿಷ, ಅದನ್ನ ತಯಾರಿಸೋ ಸೈಕ್ಲೋಟ್ರಾನ್ ಯಂತ್ರ ಪಕ್ಕದ ರೂಮಲ್ಲೇ ಇರಬೇಕು. ಹಾಗಾಗಿ ಹೆಚ್ಚಿನ ಕಡೆ ಕೈಗೆ ಸಿಗೋದು ಸ್ಪೆಕ್ಟೇ. ಸ್ಪೆಕ್ಟ್ ಕೊಡೋದು ಈ ಜಾಗಕ್ಕಿಂತ ಆ ಜಾಗದಲ್ಲಿ ಎಷ್ಟು ಹೆಚ್ಚುಕಮ್ಮಿ ಅನ್ನೋ ಹೋಲಿಕೆ ಮಾತ್ರ, ಅದೂ ಹರಿವು ತುಂಬ ಜೋರಿರೋ ಕಡೆ ಸ್ವಲ್ಪ ಕಡಿಮೆ ಮಾಡಿ ತೋರಿಸತ್ತೆ.

ರೋಗಿಗೆ ಹಿಂದಿನ ದಿನಾನೇ ಫೋನ್ ಮಾಡಿ. ಕಾಫಿ, ಟೀ, ಸಿಗರೇಟು, ಬೀಡಿ, ಕುಡಿತ ಯಾವುದೂ ಬೇಡ ಅಂತ ಬಿಡಿಸಿ ಹೇಳಿ, "ಖಾಲಿ ಹೊಟ್ಟೇಲಿ ಬನ್ನಿ" ಅಂದ್ರೆ ಕಾಫಿ ಕುಡ್ಕೊಂಡೇ ಬರ್ತಾರೆ, ನಮ್ಮ ಕಡೆ ಕಾಫಿನ ಯಾರೂ ತಿಂಡಿ ಲೆಕ್ಕಕ್ಕೆ ಹಿಡಿಯಲ್ಲ. ಕೆಫೀನ್ ಮಿದುಳಿನ ರಕ್ತನಾಳಗಳನ್ನ ಬಿಗಿ ಮಾಡತ್ತೆ, ಹರಿವು ಇಳಿಯತ್ತೆ. ಈ ಸ್ಕ್ಯಾನಿಗೆ ಉಪವಾಸ ಬೇಕಾಗಿಲ್ಲ, ಇಡ್ಲಿ ತಿಂದು ಬರಲಿ ಪರವಾಗಿಲ್ಲ. ಫಿಟ್ಸ್ ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸೋಕೆ ಹೇಳಬೇಡಿ, ಕೊನೇ ಸಲ ಫಿಟ್ಸ್ ಯಾವಾಗ ಬಂತು ಅಂತ ಮಾತ್ರ ಬರ್ಕೊಳ್ಳಿ, ಯಾಕಂದ್ರೆ ಫಿಟ್ಸ್ ಬರೋ ಹೊತ್ತಲ್ಲಿ ಆ ಜಾಗಕ್ಕೆ ರಕ್ತ ನುಗ್ಗತ್ತೆ, ಅದು ಗಡ್ಡೆ ಥರಾನೇ ಕಾಣಬಹುದು. ಡೆಕ್ಸಾಮೆಥಾಸೋನ್ ನಡೀತಿದ್ರೆ ಡೋಸ್ ಸಮೇತ ಬರೀರಿ, ಊತ ಮತ್ತು ಸೋರಿಕೆ ಎರಡನ್ನೂ ಅದು ಇಳಿಸತ್ತೆ. ಹೆಣ್ಣುಮಕ್ಕಳಿಗೆ ಗರ್ಭಿಣಿನಾ, ಮಗುಗೆ ಹಾಲು ಕೊಡ್ತಿದಾರಾ ಅಂತ ಕೇಳೋದನ್ನ ಸಂಕೋಚ ಪಟ್ಟು ಬಿಡಬೇಡಿ.

ಹಾಟ್ ಲ್ಯಾಬಲ್ಲಿ (ವಿಕಿರಣದ ಔಷಧಿ ತಯಾರಿಸೋ ರೂಮಲ್ಲಿ) ಬೆಳಗ್ಗೆ ಜನರೇಟರಿಂದ ಟೆಕ್ನೀಷಿಯಂ ತೆಗೆಯೋದನ್ನ ಹಾಲು ಕರೆಯೋದು ಅಂತಾನೇ ಅಂತೀವಿ. ಒಳಗಿರೋ ಮಾಲಿಬ್ಡಿನಂ-99ರ ಅರ್ಧಾಯುಷ್ಯ 66 ಗಂಟೆ, ಅದರಿಂದ ಹುಟ್ಟೋ ಟೆಕ್ನೀಷಿಯಂದು 6 ಗಂಟೆ. ಎಚ್‌ಎಂಪಿಎಒ ಕಿಟ್ಟಿಗೆ ತಾಜಾ ಹಾಲೇ ಬೇಕು: ಕರೆದು 2 ಗಂಟೆ ದಾಟಿರಬಾರದು, ಜನರೇಟರನ್ನ ಹಿಂದಿನ 24 ಗಂಟೆಯೊಳಗೆ ಒಂದ್ಸಲ ಕರೆದಿರಬೇಕು. ಭಾನುವಾರ ರಜೆ ಕಳೆದು ಸೋಮವಾರ ಬೆಳಗ್ಗೆ ಮೊದಲು ಬಂದದ್ದನ್ನ ಇದಕ್ಕೆ ಹಾಕಬೇಡಿ, ಅದರಲ್ಲಿ ಹಳೇ ಟೆಕ್ನೀಷಿಯಂ-99 ತುಂಬಿರತ್ತೆ, ಔಷಧಿಗೆ ಟೆಕ್ನೀಷಿಯಂ ಅಂಟೋದು ಕೆಡತ್ತೆ. ಕೆಲವು ಗಂಟೆ ಬಿಟ್ಟು ಎರಡನೇ ಸಲ ಕರೆದದ್ದನ್ನ ಬಳಸಿ, ಇಲ್ಲ ಕೇಸನ್ನೇ ಮಂಗಳವಾರಕ್ಕೆ ಹಾಕಿ. ಸ್ಟೆಬಿಲೈಸರ್ ಇಲ್ಲದ ಕಿಟ್ ಆದ್ರೆ ಕಲೆಸಿದ ಅರ್ಧ ಗಂಟೆಯೊಳಗೆ ರೋಗಿಗೆ ಹೋಗಿರಬೇಕು, ಆ ಅರ್ಧ ಗಂಟೇಲೇ ಕ್ರೊಮಟಾಗ್ರಫಿ ಅನ್ನೋ ಶುದ್ಧತೆ ಪರೀಕ್ಷೆನೂ ಮುಗಿಸ್ಬೇಕು, ಶುದ್ಧತೆ ನೂರಕ್ಕೆ 80ಕ್ಕಿಂತ ಕೆಳಗೆ ಬಂದ್ರೆ ಚೆಲ್ಲಿ ಹೊಸದು ಮಾಡಿ. ದೊಡ್ಡವರಿಗೆ ಸಾಮಾನ್ಯವಾಗಿ 20 ಮಿಲಿಕ್ಯೂರಿ, ಅಂದ್ರೆ 740 ಮೆಗಾಬೆಕ್ವೆರೆಲ್, ಅದರಿಂದ ಮೈಗೆ ಬೀಳೋ ವಿಕಿರಣ ಸುಮಾರು 7 ಮಿಲಿಸೀವರ್ಟ್.

ಈಗ ಮುಖ್ಯವಾದ ಜಾಗಕ್ಕೆ ಬಂದ್ವಿ, ಇಂಜೆಕ್ಷನ್ ರೂಮು. ಕ್ಯಾನುಲಾನ (ರಕ್ತನಾಳಕ್ಕೆ ಹಾಕೋ ಸಣ್ಣ ಕೊಳವೆ) ಕಡೇಪಕ್ಷ ಹತ್ತು ನಿಮಿಷ ಮುಂಚೇನೇ ಹಾಕಿಬಿಡಿ, ಚುಚ್ಚಿದ ನೋವು ಮರೆಯೋವರೆಗೂ ಕಾಯಿರಿ. ಮಂದ ಬೆಳಕು, ಸದ್ದು ಇರಬಾರದು, ಮೊಬೈಲ್ ಹೊರಗೆ. ಕಣ್ಣು ಬಿಟ್ಟಿರಬೇಕೋ ಮುಚ್ಚಿರಬೇಕೋ ಅಂತ ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಒಂದು ರೂಢಿ ಮಾಡ್ಕೊಂಡು ಪ್ರತಿ ರೋಗಿಗೂ ಅದನ್ನೇ ಪಾಲಿಸಿ, ಇಲ್ಲದಿದ್ರೆ ಒಬ್ಬರ ಹಿಂದಲೆಯ ನೋಟದ ಭಾಗ ಹೊಳೀತಿರತ್ತೆ, ಇನ್ನೊಬ್ಬರದು ಮಂಕಾಗಿರತ್ತೆ. "ಅಜ್ಜಿ, ಈಗ ಔಷಧಿ ಬಿಡ್ತೀನಿ, ನೋವಾಗಲ್ಲ, ಐದು ನಿಮಿಷ ಮಾತಾಡಬೇಡಿ, ಕೈ ಆಡಿಸಬೇಡಿ, ಸುಮ್ನೆ ಮೇಲೆ ನೋಡ್ತಾ ಇರಿ" ಅಂತ ಮೊದಲೇ ಹೇಳಿಬಿಟ್ಟು, ಬಿಡೋ ಹೊತ್ತಲ್ಲಿ ನೀವೂ ಬಾಯಿ ಮುಚ್ಕೊಂಡಿರಿ. ಬಿಟ್ಟ ಮೇಲೂ ಐದು ನಿಮಿಷ ಹಾಗೇ.

ತುಂಬ ವರ್ಷದ ಹಿಂದೆ ನಾನು ಕೆಲಸ ಮಾಡ್ತಿದ್ದ ಒಂದು ಕಡೆ ಹಾಸನ ಕಡೆಯಿಂದ ಒಬ್ಬರು ಯಜಮಾನ್ರು ಬಂದಿದ್ರು, ಎಡಗಡೆ ಟೆಂಪೊರಲ್ (ಕಿವಿ ಪಕ್ಕದ ಮಿದುಳಿನ ಭಾಗ) ಗ್ಲಿಯೋಮಾ, ಆಪರೇಷನ್ ಆಗಿತ್ತು. ಕ್ಯಾನುಲಾ ಬ್ಲಾಕ್ ಆಗಿದ್ದು ಗೊತ್ತಾಗಿದ್ದೇ ಕೊನೇ ಗಳಿಗೇಲಿ, ಕಿಟ್ ಕಲೆಸಿ ಇಪ್ಪತ್ತು ನಿಮಿಷ ಆಗಿಹೋಗಿತ್ತು, ಆತುರದಲ್ಲಿ ಎರಡು ಸಲ ಚುಚ್ಚಿದ್ವಿ, ಅವರ ಮಗ ಬಾಗಿಲ ಹತ್ರ ಫೋನಲ್ಲಿ ಜೋರಾಗಿ ಜಗಳ ಆಡ್ತಿದ್ದ, ಅದರ ಮಧ್ಯಾನೇ ಔಷಧಿ ಹೋಯ್ತು. ಸ್ಕ್ಯಾನ್ ನೋಡಿದ್ರೆ ಎರಡೂ ಕಡೆ ಟೆಂಪೊರಲ್ ಮೇಲ್ಭಾಗ, ಕೇಳೋ ಕೆಲಸ ಮಾಡೋ ಜಾಗ, ಎದ್ದು ಕಾಣ್ತಿತ್ತು. ಎಡಗಡೆ ಹೊಳೆಯೋದು ಗಡ್ಡೆ ಅಂಚಾ ಇಲ್ಲ ಅವರು ಮಗನ ಮಾತಿಗೆ ಕಿವಿ ಕೊಟ್ಟಿದ್ದಕ್ಕಾ ಅಂತ ಯಾರೂ ಹೇಳೋಕಾಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಮಾಡಬೇಕಾಯ್ತು, ಅವರಿಗೆ ಇನ್ನೊಂದ್ಸಲ ಬಸ್ಸು, ಇನ್ನೊಂದ್ಸಲ ವಿಕಿರಣ. ಅವರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಇವತ್ತಿಗೂ ನೋವು. ಆವತ್ತಿಂದ ನಾನು ಸಲೈನ್ ಬಿಟ್ಟು ಕ್ಯಾನುಲಾ ಹರೀತಿದೆ ಅಂತ ಖಾತ್ರಿ ಮಾಡ್ಕೊಳ್ಳದೆ ಕಿಟ್ ಮುಚ್ಚಳ ಮುಟ್ಟಲ್ಲ.

ಗಾಬರಿ ಬೀಳೋ ರೋಗಿ, ಅಲ್ಲಾಡೋ ಮಗು ಬಂದ್ರೆ ನಿದ್ದೆ ಔಷಧಿ ಬೇಕಾಗತ್ತೆ. ಅದನ್ನ ಟ್ರೇಸರ್ (ನಮ್ಮ ವಿಕಿರಣದ ಔಷಧಿ) ಹೋಗಿ ಐದು ನಿಮಿಷ ಕಳೆದ ಮೇಲೆ ಕೊಡಿಸಿ. ಆಗ ಫೋಟೋ ಬಿದ್ದಾಗಿರತ್ತೆ, ಆಮೇಲೆ ನಿದ್ದೆ ಮಾಡಿದ್ರೂ ಚಿತ್ರ ಬದಲಾಗಲ್ಲ.

ಎಚ್‌ಎಂಪಿಎಒ ಆದ್ರೆ 90 ನಿಮಿಷ, ಇಸಿಡಿ ಆದ್ರೆ 45 ನಿಮಿಷ ಕಾದು ಕ್ಯಾಮೆರಾಗೆ ಹಾಕಿ, ಅಷ್ಟರಲ್ಲಿ ನೀರು ಕುಡಿಸಿ, ಮಲಗೋ ಮುಂಚೆ ಮೂತ್ರಕ್ಕೆ ಕಳಿಸಿ. ತಲೆ ಹೋಲ್ಡರಲ್ಲಿ ಆರಾಮಾಗಿ ಕೂರಬೇಕು, ಹಣೆಗೆ ಪಟ್ಟಿ, ಸೆರೆಬೆಲ್ಲಂ (ಹಿಂದಲೆ ಕೆಳಗಿನ ಸಣ್ಣ ಮಿದುಳು) ಪೂರ್ತಿ ಫೀಲ್ಡ್ ಒಳಗೆ ಬರಬೇಕು. ಡಿಟೆಕ್ಟರ್ ಭುಜಕ್ಕೆ ತಾಗದ ಹಾಗೆ ತಲೆಗೆ ಎಷ್ಟು ಹತ್ತಿರ ಹೋಗತ್ತೋ ಅಷ್ಟು ಒಳ್ಳೇದು, ಎರಡು ಸೆಂಟಿಮೀಟರ್ ದೂರ ಆದ್ರೂ ಚಿತ್ರ ಮಸುಕಾಗತ್ತೆ. ಲೋ ಎನರ್ಜಿ ಹೈ ರೆಸಲ್ಯೂಷನ್ ಕೊಲಿಮೇಟರ್, 140 ಕೆಇವಿ, 128ಕ್ಕೆ 128 ಮ್ಯಾಟ್ರಿಕ್ಸ್, 3 ಡಿಗ್ರಿಗೊಂದು ನಿಲುಗಡೆ, ಪೂರ್ತಿ 360, ಅಂದ್ರೆ 120 ವ್ಯೂ, ಎರಡು ಡಿಟೆಕ್ಟರ್ ಇರೋ ಕ್ಯಾಮೆರಾಗೆ 20ರಿಂದ 30 ನಿಮಿಷ, ಒಟ್ಟು ಕೌಂಟ್ 50 ಲಕ್ಷ ದಾಟಬೇಕು. ರೋಗಿ ಇಳಿಯೋ ಮುಂಚೆನೇ ಸಿನಿ ಓಡಿಸಿ, ಅಂದ್ರೆ ತೆಗೆದ ವ್ಯೂಗಳನ್ನ ಸಿನಿಮಾ ಥರ ಓಡಿಸಿ, ತಲೆ ಜರುಗಿದೆಯಾ ನೋಡಿ.

ಓದುವಾಗ ಎಂಆರ್‌ಐ ಪಕ್ಕದಲ್ಲಿ ಇಲ್ಲದೆ ಶುರು ಮಾಡಬೇಡಿ, ಸಾಧ್ಯ ಆದ್ರೆ ಫ್ಯೂಷನ್ ಮಾಡಿ, ಅಂದ್ರೆ ಎರಡು ಚಿತ್ರಾನೂ ಒಂದರ ಮೇಲೊಂದು ಕೂರಿಸಿ. ಮೊದಲು ಬಣ್ಣ ತೆಗೆದು ಬೂದು ಸ್ಕೇಲಲ್ಲಿ ನೋಡಿ, ಬಣ್ಣದ ಸ್ಕೇಲು ಸಣ್ಣ ವ್ಯತ್ಯಾಸಾನೂ ದೊಡ್ಡ ಗುಡ್ಡ ಮಾಡಿ ತೋರಿಸತ್ತೆ. ಗಡ್ಡೆ ಸುತ್ತ ಒಂದು ಗೆರೆ ಎಳೆದು, ಅದೇ ಅಳತೆ ಗೆರೆನ ಇನ್ನೊಂದು ಕಡೆ ಕನ್ನಡಿ ಜಾಗದಲ್ಲಿ ಇಟ್ಟು ಎರಡರೊಳಗಿನ ಕೌಂಟಿನ ಅನುಪಾತ ತೆಗೀರಿ. ಹೊಸಬರು ಎಡವೋದು ಇಲ್ಲೇ: ಜೋರಾದ ಗ್ಲಿಯೋಮಾ ಅಂದ್ರೆ ಹೊಸ ರಕ್ತನಾಳ ತುಂಬಿರತ್ತೆ, ಸ್ಕ್ಯಾನಲ್ಲೂ ಬೆಳಗಬೇಕು ಅಂದ್ಕೋತಾರೆ, ಆದ್ರೆ ಎಚ್‌ಎಂಪಿಎಒಲಿ ಎಷ್ಟೋ ಗ್ಲಿಯೋಮಾ ತಣ್ಣಗೇ, ಅಂದ್ರೆ ಮಂಕಾಗೇ, ಕಾಣತ್ತೆ, ಔಷಧಿ ಒಳಗೆ ಬರೋದೂ ಅಲ್ಲಿ ನಿಲ್ಲೋದೂ ಎರಡು ಬೇರೆ ಕೆಲಸ, ಗಡ್ಡೆ ಜೀವಕೋಶ ನರಕೋಶದ ಥರ ಅದನ್ನ ಹಿಡಿದಿಡಬೇಕು ಅಂತೇನಿಲ್ಲ. ತಣ್ಣಗಿದೆ ಅಂತ ಸೌಮ್ಯ ಅಂತ ಬರೀಬೇಡಿ. ಒಂದು ಸೆಂಟಿಮೀಟರಿಗಿಂತ ಸಣ್ಣದು ಕಾಣದೇ ಹೋಗಬಹುದು, ಅದನ್ನೂ ನೆನಪಿಡಿ.

ಇನ್ನೊಂದು, ಸೆರೆಬೆಲ್ಲಂ. ಬಲಗಡೆ ದೊಡ್ಡ ಗಡ್ಡೆ ಇದ್ರೆ ಎಡಗಡೆ ಸೆರೆಬೆಲ್ಲಂ ಮಂಕಾಗಬಹುದು, ಅಲ್ಲಿ ರೋಗ ಏನೂ ಇಲ್ಲದಿದ್ರೂನೂ. ಮೇಲಿಂದ ಬರೋ ನರಗಳ ಸುದ್ದಿ ನಿಂತುಹೋಗಿ ಅಲ್ಲಿನ ಕೆಲಸ ಇಳಿದಿರತ್ತೆ, ಕೆಲಸ ಇಳಿದ ಕಡೆ ರಕ್ತಾನೂ ಇಳಿಯತ್ತೆ. ಕ್ರಾಸ್ಡ್ ಸೆರೆಬೆಲ್ಲಾರ್ ಡಯಾಸ್ಕಿಸಿಸ್ ಅಂತಾರೆ. ಆದ್ದರಿಂದ ಸೆರೆಬೆಲ್ಲಂನ ಹೋಲಿಕೆಗೆ ತಗೊಳ್ಳೋದಾದ್ರೆ ಗಡ್ಡೆ ಇರೋ ಬದಿಯದನ್ನೇ ತಗೊಳ್ಳಿ.

ಈಗೆಲ್ಲ ಪರ್ಫ್ಯೂಷನ್ ಎಂಆರ್‌ಐ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳ್ತಾರೆ. ನಿಜ, ಬಹಳಷ್ಟು ಗಡ್ಡೆಗೆ ಮೊದಲು ಅದೇ ಮಾಡೋದು ಸರಿ, ಅದು ಸಾಲದೇ ಹೋದಾಗ ಅಥವಾ ಎಂಆರ್‌ಐಗೆ ಹಾಕೋಕೇ ಆಗದ ರೋಗಿಗೆ ನಮ್ಮ ಸರದಿ ಬರತ್ತೆ. ಆದ್ರೆ ಒಂದು ಕೇಸಲ್ಲಿ ಸ್ಪೆಕ್ಟ್ ಮಾಡೋ ಕೆಲಸ ನೋಡಿದ್ರೆ ಎದೆ ತುಂಬತ್ತೆ. ಬುರುಡೆ ಬುಡದ ಗಡ್ಡೆ, ಮಿದುಳಿಗೆ ರಕ್ತ ತರೋ ಕೆರೋಟಿಡ್ ರಕ್ತನಾಳಾನ ಸುತ್ತಿಕೊಂಡಿದೆ ಅಂತಿಟ್ಕೊಳ್ಳಿ, ಆಪರೇಷನ್ನಲ್ಲಿ ಆ ನಾಳಾನೇ ಕಟ್ಟಬೇಕಾಗಬಹುದು. ಕಟ್ಟಿದ್ರೆ ಆ ಬದಿ ಮಿದುಳು ತಡ್ಕೊಳ್ಳತ್ತಾ? ಕ್ಯಾಥ್ ಲ್ಯಾಬಲ್ಲಿ ಬಲೂನ್ ಊದಿ ನಾಳ ಮುಚ್ಚಿ, ಎಚ್ಚರದಲ್ಲಿರೋ ರೋಗಿಗೆ ಮಾತಾಡ್ಸಿ, ಕೈ ಎತ್ತಿಸಿ ನೋಡ್ತಾರೆ, ನಾವು ಸೀಸದ ಡಬ್ಬೀಲಿ ಸಿರಿಂಜ್ ಹಿಡ್ಕೊಂಡು ಅಲ್ಲಿಗೇ ಹೋಗ್ತೀವಿ, ಬಲೂನ್ ಊದಿರುವಾಗಲೇ ಔಷಧಿ ಬಿಡ್ತೀವಿ, ಒಂದೆರಡು ನಿಮಿಷ ಆದ ಮೇಲೆ ಬಲೂನ್ ಇಳಿಸ್ತಾರೆ. ಒಂದೂವರೆ ಗಂಟೆ ಬಿಟ್ಟು ರೋಗಿ ನಮ್ಮ ಟೇಬಲ್ ಮೇಲೆ ಮಲಗಿದಾಗ ರಕ್ತ ಎಂದಿನ ಹಾಗೆ ಹರೀತಿರತ್ತೆ, ಆದ್ರೆ ಪರದೆ ಮೇಲೆ ಬರೋದು ಬಲೂನ್ ಮುಚ್ಚಿದ್ದ ಹೊತ್ತಿನ ಮಿದುಳು. ಕೈಕಾಲು ಸರಿ ಇದ್ದ ರೋಗಿಯಲ್ಲೂ ಆ ಬದಿ ಮಂಕಾಗಿ ಬಂದ್ರೆ ಸರ್ಜನ್ ನಾಳ ಕಟ್ಟೋ ಮುಂಚೆ ಬೈಪಾಸ್ ಯೋಚನೆ ಮಾಡ್ತಾರೆ. ಬಲೂನ್ ಊದಿದ್ದು, ಔಷಧಿ ಬಿಟ್ಟಿದ್ದು, ಬಲೂನ್ ಇಳಿಸಿದ್ದು, ಮೂರೂ ಟೈಮನ್ನ ಗೋಡೆ ಗಡಿಯಾರ ಒಂದೇ ನೋಡಿ ಬರ್ಕೊಳ್ಳಿ.

ಹಾಗೇ ಪ್ರತಿ ರೋಗಿಗೂ ರಿಜಿಸ್ಟರಲ್ಲಿ ಬರೀ ಡೋಸ್ ಬರೆದು ನಿಲ್ಲಿಸಬೇಡಿ. ನಾನು ಬರೆಯೋದು ಹೀಗೆ: 10:42, ಎಡಗೈ, ಒಂದೇ ಸಲಕ್ಕೆ ಹೋಯ್ತು, ಕಣ್ಣು ಬಿಟ್ಟಿದ್ರು, ಸದ್ದಿಲ್ಲ, ಬೆಳಗ್ಗೆ ಆರಕ್ಕೆ ಡೆಕ್ಸಾ ತಗೊಂಡಿದಾರೆ, ಕಾಫಿ ಕುಡಿದಿಲ್ಲ, ಫಿಟ್ಸ್ ಬಂದು ನಾಲ್ಕು ದಿನ ಆಯ್ತು.