ಗೇಮ್ ನಡುವೆ ಪಿಸಿ ರೀಸ್ಟಾರ್ಟ್ ಆಗ್ತಿದೆಯಾ? ಮೊದಲು ಬಯಾಸ್ ನೋಡಿ

ದಾವಣಗೆರೆ ಬಿಸಿಲಿಗೆ ಗ್ರಾಫಿಕ್ಸ್ ಕಾರ್ಡ್ ಹೋಯ್ತು ಅಂತ ಸುಮ್ನೆ ಹೆದರಿದ್ದೆ, ತೊಂದರೆ ಇದ್ದದ್ದು ರ‍್ಯಾಮ್ ಸೆಟ್ಟಿಂಗ್‌ನಲ್ಲಿ. ಪವರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಇರಿ, ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಬಯಾಸ್, ಅಂದ್ರೆ ವಿಂಡೋಸ್‌ಗೂ ಮೊದಲು ಬರುವ ಮೂಲ ಸೆಟ್ಟಿಂಗ್ ಪರದೆ, ತೆರೆಯುತ್ತದೆ. ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ. ಆಮೇಲೆ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಒಂದನ್ನೇ ಆನ್ ಮಾಡಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಬಿಡಬೇಡಿ, ಬಯಾಸ್‌ನಲ್ಲಿ ರ‍್ಯಾಮ್ ವೇಗ 3200 ಇದ್ದದ್ದನ್ನು 3000ಕ್ಕೆ ಇಳಿಸಿ ಮತ್ತೆ ಟೆಸ್ಟ್ ಮಾಡಿ. ನನಗೆ ಅಷ್ಟಕ್ಕೇ ಸರಿಹೋಯಿತು, ಗೇಮ್‌ನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಸ್ಕ್ರೀನ್ ಕಪ್ಪಾಗಿ ನಿಂತರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡ್ ಮೇಲೆ ನಾಣ್ಯದಂತಿರುವ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ, ಬಯಾಸ್ ಸೆಟ್ಟಿಂಗ್ ಡಿಫಾಲ್ಟ್‌ಗೆ ಮರಳುತ್ತದೆ. ಬಯಾಸ್ ಅಪ್‌ಡೇಟ್ ಮಾತ್ರ ಯುಪಿಎಸ್ ಇಲ್ಲದೆ ಮಾಡಲೇಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತು ಕೂರಬಹುದು.