ಎರಡನೇ ಮದುವೆ ಆದ್ಮೇಲೆ ಮನೇಲಿರೋ ಹರೆಯದ ಮಕ್ಕಳ ಜೊತೆ ಹೆಂಗಿರಬೇಕು

ನಮ್ಮ ದಾವಣಗೆರೆ ಕಡೆ ನೆಂಟ್ರು ಬಂದ ತಕ್ಷಣ ಶುರು ಮಾಡ್ತಾರೆ, "ಇವರನ್ನ ಅಪ್ಪಾಜಿ ಅನ್ನಪ್ಪ" ಅಂತ. ದಯವಿಟ್ಟು ತಡೀರಿ. ಹದಿನೈದು ವರ್ಷದ ಹುಡುಗ ಅಂಕಲ್ ಅಂದ್ರೂ ಸಾಕು, ಏನೂ ಕರೀದೇ ಇದ್ರೂ ಪರವಾಗಿಲ್ಲ. ತೀರಿಹೋದ ತಾಯಿ ಫೋಟೋ ಇದ್ರೆ ಇದ್ದ ಜಾಗದಲ್ಲೇ ಇರ್ಲಿ, ಹೊಸದಾಗಿ ಬಂದವರೇ ಅದಕ್ಕೆ ಹೂವು ಮುಡಿಸಿದ್ರೆ ಇನ್ನೂ ಒಳ್ಳೇದು.

ಬೈಯೋದು, ಮೊಬೈಲ್ ಕಿತ್ಕೊಳ್ಳೋದು, ಮಾರ್ಕ್ಸ್ ಕೇಳೋದು ಎಲ್ಲಾ ಮೊದಮೊದಲು ಹೆತ್ತವರೇ ಮಾಡ್ಲಿ, ಹೊಸಬರು ಬರೀ ಪರಿಚಯ ಬೆಳೆಸ್ಕೊಳ್ಳಿ. ಸಂಜೆ ಕುಂದವಾಡ ಕೆರೆ ಕಡೆ ವಾಕಿಂಗ್ ಕರ್ಕೊಂಡು ಹೋಗ್ರಿ, ಬರ್ತಾ ಮಂಡಕ್ಕಿ ಮಿರ್ಚಿ ತಿನ್ನಿಸ್ರಿ, ಪ್ರಶ್ನೆ ಮಾತ್ರ ಕೇಳಬ್ಯಾಡ್ರಿ, ಎದುರಿಗೆ ಕೂರಿಸ್ಕೊಂಡ್ರೆ ಬಾಯಿ ಬಿಡದ ಮಕ್ಕಳು ಪಕ್ಕದಲ್ಲಿ ನಡೀತಾ ನಡೀತಾ ತಾವೇ ಶುರು ಹಚ್ಕೋತಾರೆ.

ರೂಮ್ ಹಂಚ್ಕೋಬೇಕಾದ್ರೆ ಒಬ್ಬೊಬ್ರಿಗೂ ಬೀಗ ಹಾಕೋ ಒಂದು ಟ್ರಂಕಾದ್ರೂ ಕೊಡ್ರಿ. ಎಸ್ಸೆಸ್ಸೆಲ್ಸಿ ಇದ್ರೆ ಸ್ಕೂಲ್ ಬದಲಾಯಿಸೋದು ಪರೀಕ್ಷೆ ಆದ್ಮೇಲೆ.

ಊಟ ನಿದ್ದೆ ವಾರಗಟ್ಲೆ ಕೆಟ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ರಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮನೇಲಿ ಹೊಡೆತ ಕಿರುಕುಳ ಇದ್ರೆ ಮಕ್ಕಳೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಆ ನಂಬರ್ ಅವರಿಗೆ ಮೊದಲೇ ಹೇಳಿಟ್ಟಿರ್ರಿ.